ಮನೆಗೆ ಮರಳಿದವರು
ದೇಶ ಇಬ್ಭಾಗವಾದ ೧೯೪೭ರಲ್ಲಿ ಪಂಜಾಬಿನ ಎರಡೂ ಮಗ್ಗುಲಲ್ಲಿ ಹತ್ತಾರು ಸಾವಿರ ಹೆಂಗಸರು ಅಪಹರಣಕ್ಕೆ, ಅತ್ಯಾಚಾರಕ್ಕೆ ಈಡಾದರು. ಅವರನ್ನು ಹುಡುಕಿ ಕರೆತರಲು ಆ ಡಿಸೆಂಬರಿನಲ್ಲಿಯೇ ಉಭಯ ಸರಕಾರಗಳು ಒಪ್ಪಿದವು. ೧೯೪೯ರಲ್ಲಿ ಭಾರತ ಕಾಯಿದೆಯನ್ನೂ ಮಾಡಿತು. ಆದರೆ ಮರಳಿದವರಲ್ಲಿ ಎಷ್ಟೋ ಮಂದಿಗೆ ತಮ್ಮವರೇ ಬಾಗಿಲು ಮುಚ್ಚಿದರು. ಅವರಲ್ಲಿ ದೋಷವಿಲ್ಲ, ಮನೆಗೆ ಸೇರಿಸಿಕೊಳ್ಳಿರೆಂದು ಗಾಂಧೀಜಿ, ನೆಹರೂ ಕೇಳಿಕೊಳ್ಳಬೇಕಾಯಿತು.

ಬಾಗಿಲು ತೆರೆದ ಮನೆಗಳಲ್ಲಾದರೂ ಗಾಯ ಮಾಯಿತೆ? ರಾಜಿಂದರ್ ಸಿಂಗ್ ಬೇದಿಯವರ ಉರ್ದು ಕಥೆ ‘ಲಾಜವಂತಿ’ಯನ್ನು ನೆನೆದಾಗಲೆಲ್ಲ ನನಗೆ ಸಂದೇಹವೇ ಮೂಡುತ್ತದೆ. ಹಿಂದೆ ಹೆಂಡತಿಯನ್ನು ಹೊಡೆಯುತ್ತಿದ್ದ ಸುಂದರಲಾಲ, ಮರಳಿ ಬಂದವಳನ್ನು ದೇವಿಯೆಂದು ಆದರಿಸುತ್ತಾನೆ; ಆಕೆ ನಡೆದದ್ದನ್ನು ಹೇಳಹೊರಟರೆ ಮಾತ್ರ ತಡೆಯುತ್ತಾನೆ. ಕೇಳಿ ತಾಳುವ ಶಕ್ತಿ ಅವನಿಗಿಲ್ಲ. ಪೆಟ್ಟು ಅವನಿಗೂ ಬಿದ್ದಿದೆ. ಆದರೂ ಆಕೆಗೆ ಬೇಕಾದದ್ದು ಪೂಜೆಯಲ್ಲ, ಪಕ್ಕದಲ್ಲಿ ಕುಳಿತು ಕೇಳುವ ಗಂಡ. ಕಾಯಿದೆ ಆಕೆಯನ್ನು ಹೊಸ್ತಿಲವರೆಗೆ ತಂದೀತು. ಆ ಮುಂದಿನ ಕೆಲಸ ಮನೆಯವರದು.