ಅಂಗಡಿಯವನಿಗೆ ಗೊತ್ತಿರಲಿಲ್ಲವೇ?

ಒಂಬತ್ತನೆಯ ತರಗತಿಗೆ ಇತಿಹಾಸದ ಆಧಾರಗಳನ್ನು ಬೋಧಿಸುವಾಗ, ಘಟನೆಯಲ್ಲಿ ಸ್ವತಃ ಭಾಗಿಯಾದವರ ಬರಹಕ್ಕಿಂತ ಮಿಗಿಲಾದ ಸಾಕ್ಷ್ಯವಿಲ್ಲವೆಂದು ನಾನು ಹೇಳುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಶಾಸನ, ತಾಮ್ರಪಟಗಳಿಂದ ತೂಕಡಿಸತೊಡಗಿದ ಮಕ್ಕಳನ್ನು ಎಚ್ಚರಿಸಲು ಬೀಟಲ್ಸ್ ಎಂಬ ಇಂಗ್ಲೆಂಡಿನ ಹಾಡುಗಾರರ ತಂಡದ ಕಥೆಯೊಂದನ್ನು ಉದಾಹರಿಸುತ್ತಿದ್ದೆ. (ಅವರ ಹಾಡುಗಳು ನನ್ನ ಕಿವಿಗೆ ಒಗ್ಗಿದವಲ್ಲ, ಅದು ಬೇರೆ ಮಾತು.) ಆ ಪಾಠವನ್ನು ಈಗ ತಿದ್ದಬೇಕಾಗಿದೆ.

ಕಥೆ ಹೀಗಿತ್ತು. 1961ರ ಅಕ್ಟೋಬರ್ 28, ಶನಿವಾರ. ಲಿವರ್‌ಪೂಲ್ ನಗರದ ಗ್ರಾಮಫೋನ್ ರೆಕಾರ್ಡುಗಳ ಅಂಗಡಿಯೊಂದಕ್ಕೆ ತರುಣನೊಬ್ಬ ಬಂದು, ಬೀಟಲ್ಸ್ ತಂಡದ 'ಮೈ ಬಾನಿ' ಇದೆಯೇ ಎಂದು ಕೇಳುತ್ತಾನೆ. ಅಂಗಡಿ ನೋಡಿಕೊಳ್ಳುತ್ತಿದ್ದ ಬ್ರಯಾನ್ ಎಪ್‌ಸ್ಟೈನ್ ಆ ತಂಡದ ಹೆಸರನ್ನೇ ಕೇಳಿದವನಲ್ಲ. ಕುತೂಹಲದಿಂದ ವಿಚಾರಿಸಿ, ನವೆಂಬರ್ 9ರಂದು ಸಮೀಪದ ಕ್ಯಾವರ್ನ್ ಎಂಬ ನೆಲಮಾಳಿಗೆಗೆ ಇಳಿದು ಅವರ ಹಾಡು ಕೇಳುತ್ತಾನೆ. ಮುಂದೆ ಅವರ ವ್ಯವಸ್ಥಾಪಕನಾಗುತ್ತಾನೆ. 1964ರಲ್ಲಿ ಪ್ರಕಟವಾದ ಎಪ್‌ಸ್ಟೈನನ ಆತ್ಮಕಥೆಯಲ್ಲಿಯೇ ಇದೆಲ್ಲ ಇರುವಾಗ ಸಂದೇಹವೇಕೆ?

ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಅದೇ ಊರಿನ ಹಾಡುಗಾರರು ಅಂಗಡಿಯವನಿಗೆ ಗೊತ್ತಿರಲಿಲ್ಲವೇ ಸಾರ್?" ಎಂದು ಕೇಳಿದ. ಅಧಿಕಪ್ರಸಂಗವೆಂದು ಗದರಿ ಕೂರಿಸಿದೆ.

ನಿವೃತ್ತಿಯ ಬಿಡುವಿನಲ್ಲಿ ಈ ತಂಡದ ಚರಿತ್ರೆಯನ್ನು ಓದಿದಾಗ ಆ ಪ್ರಶ್ನೆಗೆ ಉತ್ತರ ಸಿಕ್ಕಿತು. 1961ರ ಜುಲೈ 6ರಂದು ಲಿವರ್‌ಪೂಲಿನಲ್ಲಿ 'ಮರ್ಸಿ ಬೀಟ್' ಎಂಬ ಸಂಗೀತ ಪತ್ರಿಕೆ ಆರಂಭವಾಯಿತು. ಎಪ್‌ಸ್ಟೈನನ ಅಂಗಡಿಯಲ್ಲಿಯೂ ಅದು ಮಾರಾಟವಾಗುತ್ತಿತ್ತು. ಜುಲೈ 20ರ ಎರಡನೆಯ ಸಂಚಿಕೆಯ ಮುಖಪುಟದಲ್ಲಿದ್ದುದು ಬೀಟಲ್ಸ್ ತಂಡದ ಧ್ವನಿಮುದ್ರಣ ಒಪ್ಪಂದದ ಸುದ್ದಿ. ಆಗಸ್ಟಿನಿಂದ ಅದೇ ಪತ್ರಿಕೆಯಲ್ಲಿ ಹೊಸ ರೆಕಾರ್ಡುಗಳ ಬಗ್ಗೆ ಅಂಕಣ ಬರೆದವನು ಯಾರು? ಸ್ವತಃ ಎಪ್‌ಸ್ಟೈನ್! ತಾನು ಮಾರುವ, ತಾನೇ ಬರೆಯುವ ಪತ್ರಿಕೆಯ ಮುಖಪುಟ ಅವನ ಕಣ್ಣಿಗೆ ಬೀಳಲಿಲ್ಲವೆಂದು ನಂಬುವುದು ಕಷ್ಟ.

ಆ ಆತ್ಮಕಥೆಯನ್ನು ಅಕ್ಷರಕ್ಕಿಳಿಸಿದವನು ಡೆರೆಕ್ ಟೇಲರ್ ಎಂಬ ಪತ್ರಕರ್ತ. ಬಾಗಿಲಲ್ಲಿ ಬಂದು ನಿಲ್ಲುವ ಅಪರಿಚಿತ ತರುಣನಿಂದ ಕಥೆ ಎಷ್ಟು ಸೊಗಸಾಗಿ ಆರಂಭವಾಗುತ್ತದೆ ನೋಡಿ.

ಹಾಗಾದರೆ ಆ ತರುಣನೂ ಕಟ್ಟುಕಥೆಯೇ? ಎಪ್‌ಸ್ಟೈನನ ಸಹಾಯಕನಾಗಿದ್ದ ಅಲಿಸ್ಟೇರ್ ಟೇಲರ್ ಎಷ್ಟೋ ವರ್ಷಗಳ ಬಳಿಕ, ಆ ಗಿರಾಕಿಯ ಹೆಸರನ್ನು ತಾನೇ ಸೃಷ್ಟಿಸಿದ್ದಾಗಿ ಹೇಳಿಕೊಂಡ. ಅದನ್ನು ಓದಿದಾಗ, ಕಥೆಯೆಲ್ಲ ಸುಳ್ಳೆಂದು ಷರಾ ಬರೆಯಲು ನನ್ನ ಕೆಂಪು ಪೆನ್ನು ಸಿದ್ಧವಾಗಿತ್ತು. ಆದರೆ ಮುಂದೆ ಆ ಹೆಸರಿನ ವ್ಯಕ್ತಿಯೇ ಪತ್ತೆಯಾಗಿ, ಅಂಗಡಿಗೆ ಹೋಗಿ ರೆಕಾರ್ಡು ಕೇಳಿದವನು ತಾನೇ ಎಂದು ತಿಳಿಸಿದ! ಎಪ್‌ಸ್ಟೈನನೂ ಟೇಲರನೂ ಘಟನೆಯಲ್ಲಿ ಭಾಗಿಯಾದವರೇ. ಆದರೂ ಒಬ್ಬನ ಮಾತು ಇನ್ನೊಬ್ಬನ ಮಾತಿಗೆ ಹೊಂದುವುದಿಲ್ಲ.

ಈಗ ನಾನು ಒಪ್ಪುವುದು ಇಷ್ಟನ್ನು: ರೆಕಾರ್ಡು ಕೇಳಿಕೊಂಡು ಒಬ್ಬ ಬಂದಿರಬೇಕು. ಜರ್ಮನಿಯಲ್ಲಿ ಹೊರಬಂದಿದ್ದ ಆ ರೆಕಾರ್ಡಿನ ಮೇಲೆ 'ಟೋನಿ ಶೆರಿಡನ್ ಮತ್ತು ಬೀಟ್ ಬ್ರದರ್ಸ್' ಎಂದು ಅಚ್ಚಾಗಿದ್ದುದರಿಂದ ಅದನ್ನು ಹುಡುಕಲು ತೊಡಕಾಗಿದ್ದೂ ಸಹಜ. ಬೀಟಲ್ಸ್ ಎಂಬ ಹೆಸರನ್ನೇ ಎಪ್‌ಸ್ಟೈನ್ ಕೇಳಿರಲಿಲ್ಲ ಎಂಬುದನ್ನು ಮಾತ್ರ ನಿಮ್ಮ ಟಿಪ್ಪಣಿ ಪುಸ್ತಕದಿಂದ ಹೊಡೆದುಹಾಕಿ.

ಆ ಹಿಂದಿನ ಬೆಂಚಿನ ಹುಡುಗನ ಮುಖ ನೆನಪಿದೆ, ಹೆಸರು ಮರೆತಿದ್ದೇನೆ. ಇದನ್ನು ಓದುತ್ತಿದ್ದರೆ ಒಂದು ಕಾಗದ ಬರೆಯಪ್ಪ. ನಿನ್ನ ಪ್ರಶ್ನೆಯೇ ಸರಿಯಾಗಿತ್ತು.