ನೀಲಗಿರಿಯ ನೆತ್ತಿ: ಅರಿಕುಠಾರದ ಶಾಸನದಿಂದ ಸೀಗೂರಿನ ಚಳಿಜ್ವರದವರೆಗೆ

ಪರ್ವತಾರೋಹಣದ ಚರಿತ್ರೆ ಬರೆಯುವವರು ಬಹುಮಟ್ಟಿಗೆ ಯುರೋಪಿನಿಂದಲೇ ಹೊರಡುತ್ತಾರೆ. 1336ರಲ್ಲಿ ಇಟಲಿಯ ಕವಿ ಪೆಟ್ರಾರ್ಕ್ ಫ್ರಾನ್ಸಿನ ವಾಂಟೂ ಬೆಟ್ಟವನ್ನು ಹತ್ತಿದ್ದು, 1786ರಲ್ಲಿ ಇಬ್ಬರು ಮೋಂಬ್ಲಾಂ ಶಿಖರ ಮುಟ್ಟಿದ್ದು ಅವರ ಮೊದಲ ಅಧ್ಯಾಯ. ಪೆಟ್ರಾರ್ಕನಿಗಿಂತ 200 ವರ್ಷಕ್ಕೂ ಹಿಂದೆಯೇ ಕನ್ನಡ ನಾಡಿನ ಕಲ್ಲೊಂದರ ಮೇಲೆ ಬೆಟ್ಟದ ನೆತ್ತಿಯ ಮಾತು ಕೆತ್ತಲ್ಪಟ್ಟಿದೆ. ಆ ಕಲ್ಲು ಚಾಮರಾಜನಗರದ ಪಾರ್ಶ್ವನಾಥ ಬಸದಿಯದು.

ಚಾಮರಾಜನಗರಕ್ಕೆ ಆಗ ಅರಿಕುಠಾರ ಎಂಬ ಹೆಸರಿತ್ತು. ಈಗಿನ ಹೆಸರು ಬಂದದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಬಸದಿಯನ್ನು ಕಟ್ಟಿಸಿದವನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ. 1117ರ ಅವನ ಶಾಸನವನ್ನು ಬಿ. ಎಲ್. ರೈಸ್ 1898ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು. ಪುಣಿಸ ತೋದರನ್ನು ಬೆದರಿಸಿದ, ಕೊಂಗರನ್ನು ಓಡಿಸಿದ, ನೀಲಾದ್ರಿಯನ್ನು, ಎಂದರೆ ನೀಲಗಿರಿಯನ್ನು, ಹೊಕ್ಕು ಅದರ ಶಿಖರವನ್ನು ಜಯಲಕ್ಷ್ಮಿಗೆ ಒಪ್ಪಿಸಿದ ಎಂಬುದು ಅದರ ಸಾರ. ನೀಲಗಿರಿಯ ತೋದರ ಹೆಸರು ಬರಹದಲ್ಲಿ ಮೊದಲು ಕಾಣುವುದು ಇಲ್ಲಿಯೇ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಇದನ್ನು ಓದುವಾಗ ಎಚ್ಚರ ಬೇಕು. ಪ್ರಶಸ್ತಿ ಶಾಸನದ ಭಾಷೆ ಹೊಗಳಿಕೆಯದು. ಪುಣಿಸ ನೀಲಗಿರಿಯ ಅತಿ ಎತ್ತರದ ಶಿಖರವಾದ ದೊಡ್ಡಬೆಟ್ಟದ ತುದಿಯಲ್ಲಿ ನಿಂತಿದ್ದ ಎಂದು ಇದರಿಂದ ಸಾಧಿಸಲಾಗದು. ಅವನನ್ನು ಮೊದಲ ಆರೋಹಿ ಎನ್ನುವುದೂ ತಪ್ಪು. ಅವನ ದಂಡು ಹೋಗುವ ಮೊದಲೇ ಆ ಎತ್ತರದಲ್ಲಿ ತೋದರು ಎಮ್ಮೆ ಮೇಯಿಸಿಕೊಂಡಿದ್ದರು. ಆದರೂ ಒಂದು ಸಂಗತಿ ಖಚಿತ: ಶಿಖರವನ್ನು ತಲುಪುವುದೇ ಹೇಳಿಕೊಳ್ಳಬೇಕಾದ ಸಾಧನೆ ಎಂಬ ಭಾವನೆ 12ನೆಯ ಶತಮಾನದ ಈ ಬಯಲುಸೀಮೆಯಲ್ಲಿ ಇತ್ತು. ಮುಂದೆ ಹೊಯ್ಸಳ ಮುಮ್ಮಡಿ ಬಲ್ಲಾಳನ ಕಾಲದಲ್ಲಿ ತೆರಕಣಾಂಬಿಯ ಸೀಮೆಯನ್ನು ಆಳಿದ ಮಾಧವ ದಣ್ಣಾಯಕ ನೀಲಗಿರಿಯನ್ನು ಗೆದ್ದವನೆಂಬ ಬಿರುದು ಧರಿಸಿದ. ಗುಂಡ್ಲುಪೇಟೆಯ ಬಳಿ 1454 ಮೀಟರ್ ಎತ್ತರದಲ್ಲಿ, ಮಂಜು ಕವಿದ ಗೋಪಾಲಸ್ವಾಮಿ ಬೆಟ್ಟದ ದೇವಾಲಯವೂ ಅದೇ 14ನೆಯ ಶತಮಾನದ್ದು. ಅಲ್ಲಿಂದ ತೆಂಕಣಕ್ಕೆ ನೋಡಿದರೆ ನೀಲಗಿರಿಯ ಸಾಲು.

ಗುಂಡ್ಲುಪೇಟೆಯ ಬಯಲು ಸಮುದ್ರಮಟ್ಟದಿಂದ ಸುಮಾರು 800 ಮೀಟರ್, ದೊಡ್ಡಬೆಟ್ಟ 2637 ಮೀಟರ್. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲಿನಷ್ಟು. ಎವರೆಸ್ಟಿನ ತುದಿಯಲ್ಲಿ ಅದು ಮೂರನೆಯ ಒಂದು ಪಾಲಿಗೆ ಇಳಿದು ಮಿದುಳು, ಶ್ವಾಸಕೋಶಗಳಲ್ಲಿ ನೀರು ತುಂಬಿ ಪ್ರಾಣ ಹೋಗಬಹುದು. ನೀಲಗಿರಿಯಲ್ಲಿ ಹಾಗಲ್ಲ. ಇಲ್ಲಿ ಮೃತ್ಯು ಕಾದಿದ್ದದ್ದು ಬೆಟ್ಟದ ಬುಡದಲ್ಲಿ, ಮೋಯಾರ್ ಕೊಳ್ಳದ ಮತ್ತು ಸೀಗೂರಿನ ಕಾಡಿನಲ್ಲಿ. ಮೇಲಿನ ತಂಪಿಗೆ ಹೋಗಬೇಕಾದವನು ಮಲೇರಿಯಾದ ಪಟ್ಟಿಯನ್ನು ದಾಟಲೇಬೇಕಿತ್ತು. 1897ರಲ್ಲಿ ಬೆಂಗಳೂರಿನಲ್ಲಿದ್ದ ವೈದ್ಯ ರೊನಾಲ್ಡ್ ರಾಸ್ ಊಟಿಯಿಂದ ಸೀಗೂರು ಘಾಟಿಗೆ ಇಳಿದು ತಾನೇ ಚಳಿಜ್ವರಕ್ಕೆ ಸಿಕ್ಕಿದ. ರೆಕ್ಕೆಯಲ್ಲಿ ಚುಕ್ಕೆಗಳಿದ್ದ ಸೊಳ್ಳೆಯನ್ನು ಅವನು ಗಮನಿಸಿದ್ದು ಅಲ್ಲಿಯೇ. ಅದೇ ವರ್ಷದ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅಂಥ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಕಂಡ.

ಇಂಥ ಪಟ್ಟಿಯನ್ನು ದಾಟಿ ಸಂಸಾರ ಸಮೇತ ಮೇಲೇರಿ ನೆಲೆಸಿದವರು ಬಡಗರು. ಮೈಸೂರು ಸೀಮೆಯಿಂದ ಬಂದವರು ತಾವೆಂದು ಅವರ ಐತಿಹ್ಯಗಳು ಹೇಳುತ್ತವೆ. ಅವರ ನುಡಿ ಕನ್ನಡಕ್ಕೆ ತೀರಾ ಹತ್ತಿರ. ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರಿನ ಅರಸರ ಮೇಲೆ ಕೃಷ್ಣದೇವರಾಯ ದಂಡೆತ್ತಿದ್ದು, 1565ರ ನಂತರ ವಿಜಯನಗರ ಕುಸಿದದ್ದು ಈ ಬಯಲನ್ನು ಕದಡಿದ ಘಟನೆಗಳು. ಇಂಥ ಗೊಂದಲವೇ ಜನರನ್ನು ಮೇಲಕ್ಕೆ ತಳ್ಳಿತು ಎಂಬ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ. 1603ರಲ್ಲಿ ಮಲಬಾರಿನಿಂದ ಹತ್ತಿ ಬಂದ ಜೆಸ್ಯೂಟ್ ಪಾದ್ರಿ ಫೆನಿಸಿಯೊ ಕಂಡಾಗ ಬಡಗರು ಆಗಲೇ ಅಲ್ಲಿ ಊರು ಕಟ್ಟಿಕೊಂಡಿದ್ದರು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ನೀಲಗಿರಿಗೆ ಹತ್ತಿದ್ದನ್ನೇ ಅದರ ಶೋಧವೆಂದು ಹೇಳುವ ಪರಿಪಾಠವನ್ನು ಫೆನಿಸಿಯೊನ ಈ ಒಂದು ದಾಖಲೆಯೇ ಅಲ್ಲಗಳೆಯುತ್ತದೆ.

ಎತ್ತರದ ಸೆಳೆತ ಇಲ್ಲಿ ಎರಡು ಬಗೆಯದು. ದಂಡನಾಯಕನಿಗೆ ಶಿಖರವೆಂದರೆ ಕೀರ್ತಿ, ಹತ್ತಿದ ಮೇಲೆ ಇಳಿದು ಬಂದು ಕಲ್ಲಿನಲ್ಲಿ ಕೆತ್ತಿಸಬಹುದು. ಬಡಗರಿಗೆ ಅದು ಆಸರೆ. ಅವರು ಮತ್ತೆ ಇಳಿಯಲಿಲ್ಲ, ಆ ಎತ್ತರದ ಮಳೆ ಮತ್ತು ಹಿಮದ ನಡುವೆ ಉತ್ತು ಬಿತ್ತಿದರು. ನಮ್ಮ ಸಾಹಸದ ಪುಸ್ತಕಗಳು ಮೊದಲನೆಯದನ್ನಷ್ಟೇ ಆರೋಹಣವೆಂದು ಎಣಿಸುತ್ತ ಬಂದಿವೆ. ಅಪಾಯವನ್ನು ಹೆಚ್ಚು ಕಾಲ ಹೊತ್ತವರು ಎರಡನೆಯವರು.

ಹಿಮಾಲಯದ ಶಿಖರಗಳಿಗೆ ಹೋಗುವ ಕನ್ನಡದ ತರುಣ ತರುಣಿಯರು ಈಗ ಕಡಿಮೆಯಿಲ್ಲ. ಅವರ ಚರಿತ್ರೆಯನ್ನು ಬರೆಯುವವರು ಮೊದಲು ಚಾಮರಾಜನಗರದ ಬಸದಿಗೆ ಬಂದು ಪುಣಿಸನ ಶಾಸನವನ್ನು ನೋಡಲಿ, ಆಮೇಲೆ ನೀಲಗಿರಿಯ ಬಡಗರ ಹಟ್ಟಿಗಳಿಗೆ ಹೋಗಿ ಹಿರಿಯರ ಬಾಯಲ್ಲಿ ಉಳಿದಿರುವ ವಲಸೆಯ ಕಥೆಗಳನ್ನು ಬರೆದುಕೊಳ್ಳಲಿ.