ಹೊರಟ ದೊರೆಯ ಇನ್ನೂರ ಐವತ್ತಾರು ರಾತ್ರಿಗಳು

ಮಸ್ಕಿಯ ಅಶೋಕನ ಬಂಡೆಯನ್ನು ನೋಡಿ ಬರಬೇಕೆಂದು ಮುಕ್ಕುಂದದಿಂದ ಹೊರಟ ದಿನ ನನಗೊಂದು ಪಾಠವಾಯಿತು. ಸಿಂಧನೂರು ಸೀಮೆಯಲ್ಲಿ, ತುಂಗಭದ್ರೆಯ ಮಗ್ಗುಲಿಗಿರುವ ಆ ಊರಿನಲ್ಲಿ ನಮ್ಮ ದೊಡ್ಡವ್ವನ ಮನೆ. ಬೆಳಿಗ್ಗೆ ಚೀಲವನ್ನು ಹೆಗಲಿಗೇರಿಸಿಕೊಂಡು "ಹೋಗ್ತೀನಿ ದೊಡ್ಡವ್ವ" ಎಂದೆ. ಆಕೆ ಒಲೆಯ ಮುಂದಿನಿಂದಲೇ "ಹಂಗನಬ್ಯಾಡೋ, ಹೋಗಿ ಬರ್ತೀನಿ ಅನ್ನು" ಎಂದು ಗದರಿಸಿದಳು. ನಾನು ತಿದ್ದಿಕೊಂಡು ಹೇಳಿದ ಮೇಲೆಯೇ ಹೊಸ್ತಿಲು ದಾಟಗೊಟ್ಟಿದ್ದು. ಬೀದಿಯಲ್ಲಿ ನೆರೆಮನೆಯ ಹಿರಿಯರೊಬ್ಬರು "ದೂರ ಹೊಂಟೀರೇನ್ರಿ?" ಎಂದು ವಿಚಾರಿಸಿದರು. ಎಲ್ಲಿಗೆ ಎಂದು ಅವರು ಕೇಳಲಿಲ್ಲ. ಹೊರಟವನನ್ನು ಹಾಗೆ ಕೇಳಬಾರದೆಂಬುದು ನಮ್ಮವರ ಹಳೆಯ ನಂಬಿಕೆ.

ಪ್ರಯಾಣಕ್ಕಿಂತ ಹೊರಡುವ ಗಳಿಗೆಯೇ ಹೆಚ್ಚು ನಾಜೂಕಿನದೆಂದು ಜನ ಭಾವಿಸಿರಬೇಕು. ಒಳ್ಳೆಯ ಮುಹೂರ್ತ ಒಂದೆರಡು ದಿನ ಮೊದಲೇ ಬಂದರೆ ಪ್ರಯಾಣಿಕನು ತನ್ನ ಗಂಟೊಂದನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುತ್ತಿದ್ದ. ಇದಕ್ಕೆ ಪ್ರಸ್ಥಾನವೆಂದು ಹೆಸರು. ಗಂಟು ಹೊರಟಿತೆಂದರೆ ಒಡೆಯನೂ ಹೊರಟಂತೆ. ಆಮೇಲೆ ಅವನು ಎರಡು ದಿನ ಮನೆಯಲ್ಲೇ ಉಂಡು ಮಲಗಿದರೂ ಅಡ್ಡಿಯಿಲ್ಲ!

ಈ ಪ್ರಸ್ಥಾನವೆಂಬ ಮಾತೇ ಒಂದು ಸೋಜಿಗ. ಅದರ ಮೂಲಧಾತು 'ಸ್ಥಾ', ಎಂದರೆ ನಿಲ್ಲು. ಅದರ ಹಿಂದೆ 'ಪ್ರ' ಎಂಬ ಒಂದಕ್ಷರವನ್ನು ಹಚ್ಚಿದೊಡನೆ ನಿಂತವನು ಹೊರಟುಬಿಡುತ್ತಾನೆ. ಆಹಾರ, ವಿಹಾರ, ಸಂಹಾರ, ಪರಿಹಾರ ಈ ನಾಲ್ಕೂ ಒಂದೇ ಧಾತುವಿನ ಮಕ್ಕಳೆಂದು ಸಂಸ್ಕೃತ ಕಲಿಸುವ ಶಾಸ್ತ್ರಿಗಳು ಹೇಳಿಕೊಡುವುದುಂಟು. ಇಂಗ್ಲಿಷಿನವರು ಇದೇ ಕೆಲಸವನ್ನು ಕ್ರಿಯಾಪದದ ಮುಂದೆ ಒಂದು ಚೂರು ಪದವನ್ನಿಟ್ಟು ಮಾಡುತ್ತಾರೆ. 'ಸೆಟ್' ಎಂದರೆ ಇಡು. 'ಸೆಟ್ ಔಟ್', 'ಸೆಟ್ ಆಫ್' ಎಂದರೆ ಹೊರಡು. ಶಾಲೆಯಲ್ಲಿ ನಮ್ಮನ್ನು ಬಹಳ ಗೋಳು ಹೊಯ್ದುಕೊಂಡ ಪದಗಳಿವು. ಕನ್ನಡಕ್ಕೆ ಈ ತಾಪತ್ರಯವಿಲ್ಲ. ನಮ್ಮ 'ಹೊರಡು' ತನ್ನ ಹೊಟ್ಟೆಯಲ್ಲೇ 'ಹೊರ'ವನ್ನು ಇಟ್ಟುಕೊಂಡಿದೆ. ಹಳಗನ್ನಡದ 'ಪೊರಮಡು' ಸವೆದು 'ಹೊರಡು' ಆಯಿತು. ರಾಯಚೂರಿನ ಕಡೆಯವರ ಬಾಯಲ್ಲಿ ಇನ್ನೂ ಸವೆದು 'ಹೊಂಟೆ' ಆಯಿತು.

ಮಸ್ಕಿಯ ಬಂಡೆ ಬೆಳಕಿಗೆ ಬಂದದ್ದು ೧೯೧೫ರಲ್ಲಿ. ಆಗ ಈ ಸೀಮೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಅದನ್ನು ಕಂಡರು, ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ಅದುವರೆಗೆ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕಾಣುತ್ತಿದ್ದ ದೊರೆಯ 'ಅಶೋಕ' ಎಂಬ ಹೆಸರು ಇಲ್ಲಿ ಸ್ಪಷ್ಟವಾಗಿ ಸಿಕ್ಕಿತು. ಈ ಸಂಗತಿ ಎಲ್ಲರಿಗೂ ಗೊತ್ತಿರುವುದೇ. ನಾನು ಹೋದದ್ದು ಬೇರೊಂದು ಮಾತಿಗಾಗಿ. ಮಸ್ಕಿಯ ಶಾಸನದಲ್ಲಿ ದೊರೆ ತಾನು ಸಂಘವನ್ನು ಸೇರಿದ್ದನ್ನು 'ಉಪಗತ' ಎಂಬ ಪದದಿಂದ ಹೇಳಿಕೊಳ್ಳುತ್ತಾನೆ. ಹತ್ತಿರಕ್ಕೆ ಹೋದವನು ಎಂದು ಅರ್ಥ. ಇದೇ ಆಜ್ಞೆಯ ಬೇರೆ ಪ್ರತಿಗಳಲ್ಲಿ ಕೊನೆಗೆ ಇನ್ನೊಂದು ಪದವಿದೆ: 'ವ್ಯೂಥ'. ಅದರ ಜೊತೆಗೆ ಒಂದು ಸಂಖ್ಯೆ, ೨೫೬. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸರು ೧೮೯೨ರಲ್ಲಿ ಕಂಡ ಪ್ರತಿಯಲ್ಲಿ ಇವೆರಡೂ ಇವೆ. ಮಸ್ಕಿಯಲ್ಲಿ ಇಲ್ಲ.

ಈ ಒಂದು ಪದದ ಮೇಲೆ ಪಂಡಿತರು ನಡೆಸಿದ ವ್ಯಾಜ್ಯ ಸಾಮಾನ್ಯವಾದುದಲ್ಲ. ಉತ್ತರದ ಸಹಸ್ರಾಮ್ ಮತ್ತು ರೂಪನಾಥದ ಪ್ರತಿಗಳನ್ನು ೧೮೭೭ರಲ್ಲಿ ಪ್ರಕಟಿಸಿದ ಬ್ಯೂಲರ್ ಸಾಹೇಬರು 'ವ್ಯೂಥ' ಎಂದರೆ ಹೊರಟುಹೋದವನು, ಎಂದರೆ ನಿರ್ವಾಣ ಹೊಂದಿದ ಬುದ್ಧ, ಎಂದು ಅರ್ಥ ಮಾಡಿದರು. ಹಾಗಾದರೆ ೨೫೬ ಎಂಬುದು ಬುದ್ಧನು ಹೋದಂದಿನಿಂದ ಕಳೆದ ವರ್ಷಗಳಾಗಬೇಕು. ಇದು ನಿಜವಾಗಿದ್ದರೆ ಬುದ್ಧನ ಕಾಲವನ್ನು ಅಶೋಕನ ಬಾಯಿಂದಲೇ ಹೇಳಿಸಿದಂತಾಗುತ್ತಿತ್ತು. ಭಾರತದ ಪ್ರಾಚೀನ ಚರಿತ್ರೆಗೆ ಅದಕ್ಕಿಂತ ಗಟ್ಟಿಯಾದ ಗೂಟ ಬೇರೆ ಬೇಕಿರಲಿಲ್ಲ. ಫ್ರಾನ್ಸಿನ ಸೆನಾರರು ಇದನ್ನು ಒಪ್ಪದೆ, ಧರ್ಮವನ್ನು ಸಾರಲು ಹೊರಟ ೨೫೬ ಮಂದಿ ದೂತರು ಎಂದರು. ಒಬ್ಬರು ಒಬ್ಬನನ್ನು ಶಾಶ್ವತವಾಗಿ ಕಳಿಸಿದರೆ ಇನ್ನೊಬ್ಬರು ಇನ್ನೂರ ಐವತ್ತಾರು ಜನರನ್ನು ದಾರಿಗೆ ಹಚ್ಚಿದರು!

ಗಂಟು ಬಿಚ್ಚಿದ್ದು ೧೯೧೦ರಲ್ಲಿ, ಎಫ್. ಡಬ್ಲ್ಯೂ. ಥಾಮಸರಿಂದ. ಸಹಸ್ರಾಮಿನ ಪ್ರತಿಯಲ್ಲಿ ಸಂಖ್ಯೆಯನ್ನು ಅಂಕಿಗಳಲ್ಲಲ್ಲದೆ ಮಾತಿನಲ್ಲೂ ಬರೆದಿದೆ. ಆ ಮಾತುಗಳ ನಡುವೆ 'ಲಾತಿ' ಎಂದು ಬರುತ್ತದೆ. ಮಗಧದ ಕಡೆಯ ಆ ಭಾಷೆಯಲ್ಲಿ ರಕಾರವು ಲಕಾರವಾಗುತ್ತದೆ. ರಾಜನು 'ಲಾಜಾ' ಆಗುತ್ತಾನೆ. ಹಾಗೆಯೇ 'ಲಾತಿ' ಎಂದರೆ 'ರಾತಿ', ನಮ್ಮ ರಾತ್ರಿ. ವರ್ಷಗಳೂ ಅಲ್ಲ, ದೂತರೂ ಅಲ್ಲ. ದೊರೆ ಮನೆ ಬಿಟ್ಟು ಹೊರಗೆ ಕಳೆದ ೨೫೬ ರಾತ್ರಿಗಳು. 'ವ್ಯೂಥ'ದ ಬೇರು 'ವಸ್', ವಾಸಮಾಡು. ಅದಕ್ಕೆ 'ವಿ' ಸೇರಿದರೆ ಮನೆಯಿಂದ ಬೇರೆಯಾಗಿ ವಾಸಮಾಡು. ನಾವು ದಿನವೂ ಆಡುವ 'ಪ್ರವಾಸ'ವೂ ಇದೇ ಬಳ್ಳಿಯ ಕಾಯಿ. ಅದರಲ್ಲಿ ನಡಿಗೆಯ ಸುಳಿವೇ ಇಲ್ಲ. ಇರುವುದು ಊರಾಚೆಯ ರಾತ್ರಿವಾಸ. ರೂಪನಾಥದ ಪ್ರತಿಯಲ್ಲಿ ಅಧಿಕಾರಿಗಳು ತಮ್ಮ ತಮ್ಮ ಸೀಮೆಯಲ್ಲೆಲ್ಲಾ ಸಂಚಾರ ನಡೆಸಬೇಕೆಂದು ವಿಧಿಸುವಾಗಲೂ ಇದೇ ಧಾತುವನ್ನು ಬಳಸಿದೆ. ೧೯೨೫ರಲ್ಲಿ ಅಶೋಕನ ಶಾಸನಗಳನ್ನೆಲ್ಲ ಸಂಪಾದಿಸಿದ ಹುಲ್ಟ್ಜ್‌ಷರು ಥಾಮಸರ ಅರ್ಥವನ್ನೇ ಒಪ್ಪಿಕೊಂಡರು.

ನಮ್ಮ ಕನ್ನಡ ನಾಡಿನ ಚರಿತ್ರೆಗೆ ದುಡಿದ ಫ್ಲೀಟ್ ಸಾಹೇಬರಿಗೆ ಮಾತ್ರ ಆ ವರ್ಷಗಳನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ರಾತ್ರಿಗಳು ನಿಜ, ಆದರೆ ನಿರ್ವಾಣದ ಒಂದೊಂದು ವರ್ಷಕ್ಕೆ ಒಂದೊಂದರಂತೆ ದೊರೆ ಏಕಾಂತದಲ್ಲಿ ಕಳೆದ ರಾತ್ರಿಗಳು, ಎಂದು ಅವರು ವಾದಿಸಿದರು. ಜಾಣತನದ ವಾದ, ನನಗೆ ರುಚಿಸಿಲ್ಲ. ಎಂಟೂವರೆ ತಿಂಗಳು ಅರಮನೆ ಬಿಟ್ಟು ತಿರುಗಿದವನು ಎಷ್ಟು ರಾತ್ರಿಯಾಯಿತೆಂದು ಲೆಕ್ಕವಿಟ್ಟುಕೊಳ್ಳುವುದಕ್ಕೆ ಬೇರೆ ಕಾರಣ ಬೇಕೆ? ನಮ್ಮ ಚಾಲುಕ್ಯ ಚಕ್ರವರ್ತಿಗಳ ಶಾಸನಗಳೂ ದೊರೆ ಯಾವ ನೆಲೆವೀಡಿನಲ್ಲಿದ್ದನೆಂದು ಹೇಳುತ್ತವೆಯೇ ಹೊರತು ಯಾವ ದಾರಿಯಲ್ಲಿ ಬಂದನೆಂದು ಹೇಳುವುದು ಅಪರೂಪ.

ಅಶೋಕನಲ್ಲಿ ಹೊರಡುವುದಕ್ಕೆ ಬೇರೆ ಮಾತುಗಳೂ ಉಂಟು. ಹಿಂದಿನ ಅರಸರು ಬೇಟೆ ವಿನೋದಗಳ ವಿಹಾರಯಾತ್ರೆಗೆ ಹೋಗುತ್ತಿದ್ದರು, ತಾನು ಪಟ್ಟವಾದ ಹತ್ತು ವರ್ಷಕ್ಕೆ ಸಂಬೋಧಿಗೆ ಹೋಗಿ ಧರ್ಮಯಾತ್ರೆಯನ್ನು ಆರಂಭಿಸಿದೆ, ಎಂದು ಎಂಟನೆಯ ಬಂಡೆಶಾಸನದಲ್ಲಿ ಹೇಳಿದ್ದಾನೆ. ಗುಜರಾತಿನ ಗಿರಿನಾರದ ಪ್ರತಿಯಲ್ಲಿ ಇಲ್ಲಿ 'ಹೋದನು' ಎಂದಷ್ಟೇ ಅರ್ಥ ಬರುವ ಕ್ರಿಯಾಪದವಿದೆ. ಡೆಹರಾಡೂನಿನ ಬಳಿಯ ಕಾಲ್ಸಿಯ ಪ್ರತಿಯಲ್ಲಿ ಅದೇ ಜಾಗದಲ್ಲಿ 'ನಿಖಮಿಥಾ', ಹೊರಕ್ಕೆ ಹೆಜ್ಜೆಯಿಟ್ಟನು, ಎಂದಿದೆ. ಕಾಲ್ಸಿಯ ಮಾತಿಗೆ ನಮ್ಮ 'ಪೊರಮಟ್ಟನು' ಎಷ್ಟು ಚೆನ್ನಾಗಿ ಒಪ್ಪುತ್ತದೆ! ಬ್ರಹ್ಮಗಿರಿಯ ಶಾಸನವನ್ನು ಬರೆದ ಚಪಡನೂ ದೂರ ಹೊರಟವನೇ ಇರಬೇಕು. ಎಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದು, 'ಲಿಪಿಕಾರ' ಎಂಬ ತನ್ನ ಉದ್ಯೋಗವನ್ನು ಮಾತ್ರ ಗಾಂಧಾರದ ಕಡೆಯ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿಸಿದ್ದಾನೆ. ಆತನ ರಾತ್ರಿಗಳನ್ನು ಎಣಿಸಿದವರು ಯಾರು?

ಮಸ್ಕಿಯ ಬಂಡೆಯ ಎದುರು ಕುಳಿತಾಗ ನನಗೆ ಹೊಳೆದದ್ದು ದೊಡ್ಡವ್ವನ ಗದರಿಕೆ. 'ಹೋದರು' ಎಂಬ ಮಾತು ನಮ್ಮಲ್ಲಿ ಸತ್ತವರಿಗೂ ಸಲ್ಲುತ್ತದೆ. ಅದಕ್ಕೇ ಆಕೆಗೆ ಬರಿಯ 'ಹೋಗ್ತೀನಿ' ಕೇಳಲಾಗದು. ಬ್ಯೂಲರರ ಕಿವಿಗೆ ಬಿದ್ದದ್ದೂ ಇದೇ 'ಹೋದ'. ಸಂಸ್ಕೃತದಲ್ಲಿ ಅಷ್ಟು ದೊಡ್ಡ ವಿದ್ವಾಂಸರಾದವರು ಪ್ರವಾಸದಲ್ಲಿದ್ದ ದೊರೆಯ ಮಾತನ್ನು ತೀರಿಹೋದ ಗುರುವಿಗೆ ಅನ್ವಯಿಸಿಬಿಟ್ಟರು. ಅದು ದಡ್ಡತನವೇನೂ ಅಲ್ಲ. ಹೊರಡುವ ಮಾತುಗಳೆಲ್ಲ ಆ ಕಡೆಗೆ ಜಾರುವಂಥವೇ. 'ಲಾತಿ' ಎಂಬೆರಡಕ್ಷರ ಉಳಿಯದೆ ಸಹಸ್ರಾಮಿನ ಕಲ್ಲು ಅಲ್ಲೇ ಚಕ್ಕೆಯೆದ್ದಿದ್ದರೆ ನಾವು ಇಂದಿಗೂ ೨೫೬ ವರ್ಷಗಳನ್ನೇ ಪಾಠ ಹೇಳುತ್ತಿದ್ದೆವೇನೋ.

ಸಂಜೆಯ ಬಸ್ಸಿಗೆ ಸಿಂಧನೂರಿಗೆ ಬಂದು ಅಲ್ಲಿಂದ ಕತ್ತಲಾಗುವ ಹೊತ್ತಿಗೆ ಮುಕ್ಕುಂದ ಸೇರಿದೆ. ಒಂದು ರಾತ್ರಿಯನ್ನೂ ಹೊರಗೆ ಕಳೆಯಲಿಲ್ಲವಾದ್ದರಿಂದ ಅಶೋಕನ ಲೆಕ್ಕದಲ್ಲಿ ನನ್ನದು ಪ್ರವಾಸವೇ ಅಲ್ಲ. ದೊಡ್ಡವ್ವ ಅಂಗಳದಲ್ಲೇ ಕುಳಿತಿದ್ದಳು. "ಬಂದ್ಯಾ?" ಎಂದು ಕೇಳಿ, ಕಾಲಿಗೆ ನೀರು ತರಲು ಎದ್ದಳು.